ಗಿರಾಕಿಗೆ ಕೈಯಾರೆ ನಾಲ್ಕು ಸಾಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಂಡವರಿಗೆ ಕೈಬರಹದಲ್ಲಿ ಧನ್ಯವಾದ ಬರೆದು ಕಳಿಸುವ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಅಂಗಡಿಯವರು, ಸಣ್ಣ ಉದ್ದಿಮೆಯವರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತೆರನಾದವನ್ನು ಕೂಡಿಸಿದ್ದೇವೆ.

ಬಳ್ಳಾರಿಯಾಗ ನಮ್ಮದು ಸಣ್ಣ ಜೀನ್ಸ್ ಘಟಕ. ವಾಟ್ಸ್‌ಆ್ಯಪ್‌ನಾಗ ಆರ್ಡರ್ ತಗೊಂಡು ಗಿರಾಕಿಗೆ ನೇರ ಕಳಸ್ತೀವಿ. ಪ್ರತಿ ಪಾರ್ಸೆಲ್‌ನಾಗ ‘ನಮ್ಮಲ್ಲಿ ಖರೀದಿಸಿದ್ದಕ್ಕೆ ಧನ್ಯವಾದಗಳು, ಮತ್ತೆ ಬನ್ನಿ’ ಅಂತ ಕೈಯಿಂದನ ಬರೆದು ಇಡ್ತೀವಿ. ಇಲ್ಲೀತನಕ ಯಾರೂ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಯಾಕ?

ಬರೆದ ಕೈ ನಿಮ್ಮದು, ಮಾತು ಮಾತ್ರ ರಬ್ಬರ್ ಸ್ಟಾಂಪಿನದು. ಆ ಸಾಲನ್ನು ಯಾವ ಅಂಗಡಿಯವರು ಯಾರಿಗೆ ಬೇಕಾದರೂ ಬರೆಯಬಹುದು, ಅದು ಓದುವವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಚೀಟಿ ಬರೆದಾದ ಮೇಲೆ ಮೇಲಿನ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಇನ್ನೊಬ್ಬ ಗಿರಾಕಿಗೂ ಅದು ಒಪ್ಪುತ್ತದೆ ಎನಿಸಿದರೆ ಚೀಟಿ ಇನ್ನೂ ಮುಗಿದಿಲ್ಲ.

ಅವರಿಗೆ ಮಾತ್ರ ಬರೆಯಬಹುದಾದ ಸಂಗತಿ ಒಂದಾದರೂ ಇರಬೇಕು. ಅದನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಆರ್ಡರ್ ಕೊಡುವಾಗ ಅವರೇ ಹೇಳಿರುತ್ತಾರೆ: ತಮ್ಮನ ಮದುವೆಗೆ ಬೇಕು, ಕಾಲುದ್ದ ಜಾಸ್ತಿ ಇರೋದರಿಂದ ರೆಡಿಮೇಡ್ ಸಿಗೋದಿಲ್ಲ, ಹೋದ ಸಲದ ಪ್ಯಾಂಟು ಮೂರು ವರ್ಷ ಬಂತು. ಆರ್ಡರ್ ಬರೆದುಕೊಳ್ಳುವ ವಹಿಯಲ್ಲಿ ಸೈಜು, ಬಣ್ಣ, ವಿಳಾಸದ ಪಕ್ಕ ‘ಅವರು ಹೇಳಿದ್ದು’ ಎಂದು ಒಂದು ಕಾಲಂ ಎಳೆಯಿರಿ. ಮೂರು ಪದ ಸಾಕು. ಸಂಜೆ ಚೀಟಿ ಬರೆಯಲು ಕೂತಾಗ ಆ ಮೂರು ಪದ ಇಲ್ಲದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಆದರೆ ನಿಮಗೆ ಹೇಳದೇ ಇದ್ದದ್ದನ್ನು, ಅವರ ಇನ್‌ಸ್ಟಾಗ್ರಾಂ ಪುಟದಲ್ಲಿ ಕಂಡದ್ದನ್ನು ಬರೆಯಬೇಡಿ. ತಮ್ಮ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಎಂಬ ಅಳುಕು ಹುಟ್ಟುತ್ತದೆ.

ಹೆಸರಿನ ನಂತರ ಹೀಗೆ ಬರೆಯಬಹುದು: ‘ತಮ್ಮನ ಅಳತೆಯನ್ನು ಎರಡೆರಡು ಸಲ ನೋಡಿ 34ರ ಸೊಂಟ, 32ರ ಉದ್ದ ಅಂತ ಖಚಿತ ಮಾಡಿ ಹೇಳಿದಿರಿ. ಕಟಿಂಗ್ ಮಾಡುವವರಿಗೆ ಬಹಳ ಅನುಕೂಲ ಆಯಿತು. ಮೊದಲ ಎರಡು ಮೂರು ಸಲ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಬೇರೆ ಬಟ್ಟೆ ಸೇರಿಸದೆ ಒಗೆಯಿರಿ, ನೀಲಿ ಬಿಡುತ್ತದೆ. ಮದುವೆ ಚೆನ್ನಾಗಿ ಆಗಲಿ.’ ಕೆಳಗೆ ಬರೆದವರ ಹೆಸರು ಇರಲಿ, ‘ಆಡಳಿತ ವರ್ಗ’ ಬೇಡ. ಐದಾರು ಸಾಲು ದಾಟಬೇಡಿ. ‘ಮತ್ತೆ ಬನ್ನಿ’ ಎಂದೂ ಬೇಡ. ಬರಬೇಕೆನಿಸಿದವರು ಬರುತ್ತಾರೆ.

ಚೀಟಿ ಇಡುವ ಜಾಗವೂ ಮುಖ್ಯ. ಗಾಢ ನೀಲಿ ಡೆನಿಮ್ ಬಟ್ಟೆ ಒಣಗಿದ್ದಾಗಲೂ ಉಜ್ಜಿದರೆ ಬಣ್ಣ ಬಿಡುತ್ತದೆ. ಪ್ಯಾಂಟಿನ ಮಡಿಕೆಯೊಳಗೆ ಇಟ್ಟ ಬಿಳಿ ಕಾರ್ಡು ದಾರಿಯಲ್ಲಿ ಅಲುಗಾಡಿ, ತಲುಪುವಷ್ಟರಲ್ಲಿ ನೀಲಿ ಕಲೆ ಹತ್ತಿಸಿಕೊಂಡಿರುತ್ತದೆ. ಪ್ಯಾಂಟನ್ನು ಪಾಲಿಥಿನ್ ಚೀಲಕ್ಕೆ ಹಾಕಿ ಮುಚ್ಚಿ, ಕಾರ್ಡನ್ನು ಅದರ ಹೊರಗೆ, ಕೊರಿಯರ್ ಚೀಲದ ಒಳಗೆ ಮೇಲ್ಗಡೆ ಇಡಿ. ಶುಭವೆಂದು ಕಾರ್ಡಿನ ಮೂಲೆಗೆ ಕುಂಕುಮ ಹಚ್ಚುವವರಿದ್ದಾರೆ. ಬಟ್ಟೆಯ ಪಾರ್ಸೆಲ್‌ಗೆ ಅದು ಬೇಡ, ಉದುರಿ ಬಟ್ಟೆಗೆ ಹತ್ತುತ್ತದೆ.

ಎಂಥ ಕಾಗದ, ಎಂಥ ಪೆನ್ನು? ಗ್ರೀಟಿಂಗ್ ಕಾರ್ಡಿನಂಥ ಹೊಳಪಿನ ಕಾರ್ಡ್ ಮಾಡಿಸಿದ್ದೆ. ಬರೆದದ್ದೆಲ್ಲ ಕದಡಿಹೋಯಿತು. (ರಾಯಚೂರು)

ಹೊಳಪಿನ ಆರ್ಟ್ ಕಾರ್ಡಿನ ಮೇಲೆ ಲೇಪನ ಇರುವುದರಿಂದ ಶಾಯಿ ಒಳಕ್ಕೆ ಇಳಿಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಬಾಲ್‌ಪೆನ್ನು ಜಾರುತ್ತದೆ, ಜೆಲ್ ಪೆನ್ನಿನ ಗೆರೆ ಬೆವರುಗೈ ತಾಗಿದರೆ ಅಳಿಸುತ್ತದೆ. ನಮ್ಮ ಕಡೆ ಮಾರ್ಚಿನಿಂದ ಜೂನ್‌ವರೆಗೆ ಕೈ ಬೆವರದ ಹೊತ್ತೇ ಇಲ್ಲ. ಪ್ರೆಸ್ಸಿನವರಿಗೆ ಲೇಪನ ಇಲ್ಲದ, 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ತೂಗುವ ಗ್ರಾಂ) ದಪ್ಪದ ಕಾರ್ಡ್ ಬೇಕೆಂದು ಹೇಳಿ. ದೊಡ್ಡ ಆರ್ಡರಿಗೆ ಮೊದಲು ಎರಡು ಹಾಳೆ ತಂದು ನಿಮ್ಮದೇ ಪೆನ್ನಿನಲ್ಲಿ ಬರೆದು, ಹತ್ತು ಎಣಿಸಿ, ಬೆರಳಿನಿಂದ ಒರೆಸಿ ನೋಡಿ. ಫೌಂಟನ್ ಪೆನ್ನಾದರೆ ಅಂಚು ಹರಡುತ್ತದೆಯೇ ಎಂದೂ ನೋಡಬೇಕು.

ಅಳತೆಗೆ ಎ6 ಅನುಕೂಲ: 105×148 ಮಿಲಿಮೀಟರ್. ಒಂದು ಎ4 ಹಾಳೆಯಲ್ಲಿ ಸರಿಯಾಗಿ ನಾಲ್ಕು ಬರುತ್ತವೆ, ಚೂರು ಉಳಿಯುವುದಿಲ್ಲ. 300 ಜಿಎಸ್‌ಎಂನ ಒಂದು ಎ6 ಕಾರ್ಡ್ ತೂಗುವುದು 5 ಗ್ರಾಂಗಿಂತ ಕಡಿಮೆ. ಲಕೋಟೆ ಸೇರಿದರೂ 20 ಗ್ರಾಂ ಒಳಗೇ ಇರುತ್ತದೆ, 5 ರೂಪಾಯಿಯ ಅಂಚೆಚೀಟಿಯಲ್ಲಿ ಹೋಗುತ್ತದೆ. 50 ಪೈಸೆಯ ಅಂಚೆ ಕಾರ್ಡೂ ಒಳ್ಳೆಯದೇ, ಅದನ್ನು ಕಂಡರೆ ಹಿರಿಯರಿಗೆ ಅಕ್ಕರೆ. ಆದರೆ ದಾರಿಯಲ್ಲಿ ಎಲ್ಲರೂ ಓದಬಹುದು ಎಂಬುದು ನೆನಪಿರಲಿ.

ಪೆನ್ನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಉಜ್ಜಿದರೆ ಅಳಿಸಿಹೋಗುವ ಜೆಲ್ ಪೆನ್ನು ಸಿಗುತ್ತವಲ್ಲ, ಅವುಗಳ ಶಾಯಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ಉಜ್ಜಿದಾಗ ಅಳಿಸುವುದೂ ಉಜ್ಜುವ ಬಿಸಿಯಿಂದಲೇ. ಏಪ್ರಿಲ್ ಬಿಸಿಲಿನಲ್ಲಿ ನಿಂತ ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ ಅಷ್ಟು ಶಾಖ ಆಗುವುದು ಹೊಸದೇನಲ್ಲ, ಗಿರಾಕಿಗೆ ಖಾಲಿ ಕಾರ್ಡ್ ತಲುಪುತ್ತದೆ. ಹಾಗೆಯೇ ಮಷಿನ್ ಬಿಲ್ಲಿನ ಹಿಂಬದಿಯಲ್ಲಿ ಬರೆಯಬೇಡಿ, ಆ ಕಾಗದ ಶಾಖಕ್ಕೆ ಕಪ್ಪಾಗುತ್ತದೆ. ಸಾದಾ ನೀಲಿ ಬಾಲ್‌ಪೆನ್ನೇ ಮೇಲು. ಅದರ ಶಾಯಿ ಎಣ್ಣೆ ಆಧಾರದ್ದು, ನೀರು ಬಿದ್ದರೂ ತಡೆಯುತ್ತದೆ. ಕಪ್ಪಿಗಿಂತ ನೀಲಿ ಏಕೆಂದರೆ, ಕಪ್ಪು ಅಕ್ಷರ ದೂರದಿಂದ ಅಚ್ಚಿನಂತೆ ಕಾಣುತ್ತದೆ.

ನನ್ನ ಅಕ್ಷರ ಕೋಳಿಕಾಲು. ಬೇರೆಯವರಿಂದ ಬರೆಸಬಹುದೇ? ಕಂಪ್ಯೂಟರಿನಲ್ಲಿ ಕೈಬರಹದಂಥ ಫಾಂಟ್ ಇದೆ, ಅದರಲ್ಲಿ ಮುದ್ರಿಸಿದರೆ? ದಿನಕ್ಕೆ 40 ಪಾರ್ಸೆಲ್ ಇವೆ. (ಬಳ್ಳಾರಿ)

ಫಾಂಟ್ ಬೇಡವೇ ಬೇಡ. ಎಲ್ಲ ‘ಕ’ಗಳೂ ಒಂದೇ ಅಚ್ಚು, ಹಾಳೆಯ ಹಿಂದೆ ಬೆರಳಾಡಿಸಿದರೆ ಪೆನ್ನು ಒತ್ತಿದ ಗುರುತಿಲ್ಲ. ಗಿರಾಕಿಗೆ ಗೊತ್ತಾದ ದಿನ, ಸುಮ್ಮನೆ ಅಚ್ಚಿನ ಕಾರ್ಡ್ ಕೊಟ್ಟಿದ್ದರೆ ಆಗದಿದ್ದ ಬೇಸರ ಆಗುತ್ತದೆ.

ಕೆಟ್ಟ ಅಕ್ಷರಕ್ಕೆ ನಾಚಬೇಕಿಲ್ಲ, ಓದಲು ಬಂದರೆ ಸಾಕು. ದಪ್ಪ ಮೊನೆ ಬಿಟ್ಟು 0.7 ಮಿಲಿಮೀಟರಿನ ಪೆನ್ನು ಹಿಡಿಯಿರಿ, ಗೆರೆ ಎಳೆದ ಹಾಳೆಯನ್ನು ಪಕ್ಕಕ್ಕೆ ಇಟ್ಟುಕೊಂಡು ಸಾಲಿನ ಅಂತರ ನೋಡಿಕೊಳ್ಳಿ, ಒತ್ತಕ್ಷರಕ್ಕೆ ಜಾಗ ಬಿಡಿ. ಕನ್ನಡದಲ್ಲಿ ಸಾಲುಗಳು ಒಂದರ ಮೇಲೊಂದು ಕೂತರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕೆಡುತ್ತವೆ. ಒಂದು ಸೆಂಟಿಮೀಟರ್ ಅಂತರ ಇರಲಿ. ಎ6 ಕಾರ್ಡನ್ನು ಅಡ್ಡ ಹಿಡಿದರೆ ಎಂಟು ಸಾಲು ಆರಾಮವಾಗಿ ಹಿಡಿಯುತ್ತವೆ.

ಇನ್ನು 40 ಪಾರ್ಸೆಲ್. ಹೆಸರು ನೋಡಿ, ನೆನೆದು, ಬರೆದು, ಒಣಗಿಸಿ ಲಕೋಟೆಗೆ ಹಾಕಲು ಒಂದಕ್ಕೆ ನಾಲ್ಕು ನಿಮಿಷ ಹಿಡಿದರೂ ಎರಡೂವರೆ ತಾಸು ದಾಟುತ್ತದೆ. ಮೊದಲ ವಾರ ಉತ್ಸಾಹ ಇರುತ್ತದೆ, ಎರಡನೇ ವಾರಕ್ಕೆ ‘ಧನ್ಯವಾದಗಳು, ಮತ್ತೆ ಬನ್ನಿ’ಗೆ ಬಂದು ನಿಲ್ಲುತ್ತದೆ. ಅದರ ಬದಲು ದಿನಕ್ಕೆ ಐದು ಮಂದಿ ಎಂದು ಕಟ್ಟಿಕೊಳ್ಳಿ. ಯಾರಿಗೆ? ಎರಡನೇ ಸಲ ಕೊಂಡವರು ಮೊದಲು. ಆಮೇಲೆ ಬೇರೆಯವರನ್ನು ನಿಮ್ಮ ಬಳಿ ಕಳಿಸಿದವರು. ಆಮೇಲೆ ತಡವಾದರೂ ತಾಳ್ಮೆಯಿಂದ ಕಾದವರು. ಹೆಚ್ಚು ಹಣ ಕೊಟ್ಟವರು ಎಂಬುದನ್ನು ಕೊನೆಗೆ ಇಡಿ. ಉಳಿದ 35 ಪಾರ್ಸೆಲ್‌ಗೆ ಒಗೆಯುವ ಸೂಚನೆ ಇರುವ ಅಚ್ಚಿನ ಕಾರ್ಡ್ ಹೋಗಲಿ, ಅದರ ಕೆಳಗೆ ಒಂದು ಸಾಲು ಕೈಯಿಂದ. ಒಂದು ಸಾಲಿಗೂ ತೂಕ ಇದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಪ್ರಶ್ನಾವಳಿಯ ಮೇಲೆ ಕೈಬರಹದ ಸಣ್ಣ ಅಂಟುಚೀಟಿ ಹಚ್ಚಿ ಕಳಿಸಿದಾಗ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ತುಂಬಿ ಕೊಟ್ಟರು. ಏನೂ ಹಚ್ಚದೆ ಕಳಿಸಿದಾಗ ಅರ್ಧಕ್ಕಿಂತ ಬಹಳ ಕಡಿಮೆ.

ಬೇರೆಯವರಿಂದ ಬರೆಸಬಹುದು, ಆದರೆ ಬರೆದವರ ಹೆಸರೇ ಕೆಳಗೆ ಇರಬೇಕು. ಪಾರ್ಸೆಲ್ ಕಟ್ಟುವ ಹುಡುಗಿ ತನ್ನ ಹೆಸರಿನಲ್ಲಿ ಬರೆದ ಸಾಲು, ಅವಳ ಕೈಯಿಂದ ಮಾಲೀಕರ ಹೆಸರಿನಲ್ಲಿ ಬಂದ ಸಾಲಿಗಿಂತ ನೂರು ಪಾಲು ವಾಸಿ.

ಗಂಗಾವತಿಯಿಂದ ಬೆಂಗಳೂರಿನ ಮನೆಗಳಿಗೆ ಸೋನಾ ಮಸೂರಿ ಅಕ್ಕಿ ಕಳಿಸುತ್ತೇವೆ. ಚೀಲದ ಜೊತೆಗೇ ಚೀಟಿ ಇಡುವುದೋ, ಆಮೇಲೆ ಅಂಚೆಯಲ್ಲಿ ಕಳಿಸುವುದೋ?

ಎರಡೂ, ಆದರೆ ಬೇರೆ ಬೇರೆ ಕೆಲಸಕ್ಕೆ. ಚೀಲದ ಜೊತೆ ಹೋಗುವ ಚೀಟಿಯಲ್ಲಿ ಅನ್ನ ಮಾಡುವವರಿಗೆ ಬೇಕಾದ ಮಾತು ಇರಲಿ. ಹೊಸ ಅಕ್ಕಿ ನೀರು ಕಡಿಮೆ ಹೀರುತ್ತದೆ, ಹಳೆಯದು ಹೆಚ್ಚು ಹೀರಿ ಚೆನ್ನಾಗಿ ಅರಳುತ್ತದೆ. ನಗರದಲ್ಲಿ ಅನೇಕರು ಹಳೆ ಅಕ್ಕಿಯ ಅಳತೆಯಲ್ಲೇ ಹೊಸ ಅಕ್ಕಿಗೆ ನೀರು ಹಾಕಿ, ಮುದ್ದೆಯಾಯಿತೆಂದು ಅಕ್ಕಿಯನ್ನೇ ದೂರುತ್ತಾರೆ. ‘ಇದು ಈ ಸುಗ್ಗಿಯ ಅಕ್ಕಿ, ನೀವು ಯಾವಾಗಲೂ ಹಾಕುವುದಕ್ಕಿಂತ ಲೋಟಕ್ಕೆ ಕಾಲು ಲೋಟ ನೀರು ಕಡಿಮೆ ಹಾಕಿ ನೋಡಿ, ಬೇಕಾದರೆ ಮುಂದಿನ ಸಲ ಹೆಚ್ಚಿಸಿ’ ಎಂಬ ಒಂದು ಸಾಲು ಎಷ್ಟೋ ದೂರುಗಳನ್ನು ಹುಟ್ಟುವ ಮೊದಲೇ ನಿಲ್ಲಿಸುತ್ತದೆ. ಚೀಟಿಯನ್ನು ಅಕ್ಕಿಯೊಳಗೆ ಹೂಳಬೇಡಿ. ಅದು ಧೂಳು ಹಿಡಿಯುತ್ತದೆ, ಶಾಯಿ ಕಾಳಿಗೆ ತಾಗುವುದು ಯಾರಿಗೂ ಇಷ್ಟವಾಗದು. ಸಣ್ಣ ಲಕೋಟೆಯಲ್ಲಿ ಹಾಕಿ ಚೀಲದ ಬಾಯಿ ಕಟ್ಟಿದ ದಾರಕ್ಕೆ ಸೇರಿಸಿ.

ಧನ್ಯವಾದದ ಕಾಗದ 10-12 ದಿನದ ನಂತರ, ನಾಲ್ಕಾರು ಸಲ ಅನ್ನ ಮಾಡಿ ಉಂಡ ಮೇಲೆ ಅಂಚೆಯಲ್ಲಿ ಹೋಗಲಿ. ಮುಂದಿನ ಚೀಲಕ್ಕೆ ಆರ್ಡರ್ ಬರುವ ಹೊತ್ತಿಗೆ ಕಳಿಸಿದರೆ ಅದು ಧನ್ಯವಾದವೆಂದು ಯಾರೂ ನಂಬುವುದಿಲ್ಲ.

ಕಿನ್ನಾಳದ ಗೊಂಬೆ ಮಾರುವವರೊಬ್ಬರೂ ಇದನ್ನೇ ಕೇಳಿದ್ದಾರೆ. ನಿಮ್ಮದು ಗೊಂಬೆಯ ಜೊತೆಗೇ ಹೋಗಲಿ. ಹಗುರ ಮರ, ಹುಣಸೆಬೀಜದ ಅಂಟು, ಬಣ್ಣ ಎಂದು ಅದು ಆದ ಬಗೆಯನ್ನು ಎರಡು ಸಾಲಿನಲ್ಲಿ ಹೇಳಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ ಎಂದು ಬರೆಯಿರಿ. ಬಣ್ಣ ಹಾಕಿದ ಕಲಾವಿದರೇ ಸಹಿ ಮಾಡಿದರೆ ಗಿರಾಕಿ ಆ ಕಾರ್ಡನ್ನು ಗೊಂಬೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ.

ಧನ್ಯವಾದದ ಕಾರ್ಡಿನಲ್ಲೇ ‘ಮುಂದಿನ ಖರೀದಿಗೆ ಶೇ 10 ರಿಯಾಯಿತಿ’, ‘ಐದು ಸ್ಟಾರ್ ಕೊಡಿ’ ಎಂದು ಸೇರಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಗುತ್ತದಲ್ಲ? (ಕೊಪ್ಪಳ)

ಆಗುವುದಿಲ್ಲ, ಒಂದೂ ಆಗುವುದಿಲ್ಲ. ಓದುವವರ ಕಣ್ಣು ಶೇ 10ರ ಮೇಲೆ ನಿಂತುಬಿಡುತ್ತದೆ. ಮೇಲಿನ ನಾಲ್ಕು ಸಾಲು ಅದಕ್ಕೆ ಪೀಠಿಕೆ ಎನಿಸುತ್ತದೆ. ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಒಂದು ಆಭರಣ ಅಂಗಡಿಯ ಗಿರಾಕಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಫೋನಿನಲ್ಲಿ ಬರಿಯ ಧನ್ಯವಾದ ಹೇಳಿದರು, ಇನ್ನೊಂದಕ್ಕೆ ಧನ್ಯವಾದದ ಜೊತೆ ರಿಯಾಯಿತಿ ಮಾರಾಟದ ಸುದ್ದಿ ಹೇಳಿದರು, ಮೂರನೆಯದಕ್ಕೆ ಏನೂ ಹೇಳಲಿಲ್ಲ. ಹೆಚ್ಚು ಖರೀದಿ ಮಾಡಿದ್ದು ಬರಿಯ ಧನ್ಯವಾದ ಕೇಳಿದವರು. 1976ರ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ಈ ವರದಿ ಇದೆ. ರಿಯಾಯಿತಿ ಕೊಡಬೇಕೆಂದಿದ್ದರೆ ಕೊಡಿ, ಬೇರೆ ಕಾಗದದಲ್ಲಿ, ಬೇರೆ ದಿನ.

ಸ್ಟಾರ್ ಕೇಳುವುದು ಇನ್ನೂ ಅಪಾಯ. ಅಮೆಜಾನ್‌ನಲ್ಲಿ ಮಾರುವವರು ಒಳ್ಳೆಯ ವಿಮರ್ಶೆಯನ್ನಷ್ಟೇ ಕೇಳುವಂತಿಲ್ಲ, ವಿಮರ್ಶೆಗೆ ಪ್ರತಿಯಾಗಿ ಉಡುಗೊರೆ, ಹಣ ಕೊಡುವಂತಿಲ್ಲ, ಗಿರಾಕಿಯನ್ನು ಅಲ್ಲಿಂದ ನಿಮ್ಮ ವಾಟ್ಸ್‌ಆ್ಯಪ್‌ಗೆ ಎಳೆಯುವಂತಿಲ್ಲ. ಪಾರ್ಸೆಲ್‌ನ ಒಳಗಿನ ಒಂದು ಚೀಟಿಗೇ ಖಾತೆ ಅಮಾನತಾಗಬಹುದು. ಅಂಥ ಪಾರ್ಸೆಲ್‌ನಲ್ಲಿ ಫೋನ್ ನಂಬರು, ಕ್ಯೂಆರ್ ಕೋಡು ಇಲ್ಲದ ಸಾದಾ ಧನ್ಯವಾದ, ಬಳಸುವ ಸೂಚನೆ ಮಾತ್ರ ಇರಲಿ.

ಇದರಿಂದ ನಿಜವಾಗಿ ವ್ಯಾಪಾರ ಹೆಚ್ಚುತ್ತದೆಯೇ? (ಲಿಂಗಸುಗೂರು)

ಖಾತ್ರಿ ಕೊಡಲಾಗದು. 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ 5 ಲಕ್ಷಕ್ಕೂ ಹೆಚ್ಚು ದಾನಿಗಳನ್ನು ಆರು ವರ್ಷ ಗಮನಿಸಿದರು. ಫೋನ್ ಮಾಡಿ ಧನ್ಯವಾದ ಹೇಳಿದ್ದರಿಂದ ಮುಂದಿನ ದಾನ ಹೆಚ್ಚಲಿಲ್ಲ. ಸಾವಿರಾರು ಜನರಿಗೆ ಒಂದೇ ರೀತಿ ಹೇಳಿದ ಮಾತು ಅದು, ನೀವು ಹೆಸರು ಹಿಡಿದು ಬರೆಯುವುದು ಬೇರೆ. ಆದರೂ ಕಾರ್ಡ್ ಕಳಿಸಿದೆವು, ಇನ್ನು ಗಿರಾಕಿ ತಾನಾಗಿ ಬರುತ್ತಾನೆ ಎಂದು ಕೂರಬಾರದು. ಇನ್ನೊಂದು ಕಡೆ, ಕೃತಜ್ಞತೆಯ ಪತ್ರ ಬರೆಯುವವರು ಅದರ ಬೆಲೆಯನ್ನು ಕಡಿಮೆ ಅಂದಾಜು ಮಾಡುತ್ತಾರೆ ಎಂದು ಕುಮಾರ್ ಮತ್ತು ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಪಡೆದವರು ಎಷ್ಟು ಸಂಕೋಚಪಡುತ್ತಾರೋ ಎಂದು ಬರೆದವರು ಹೆದರಿದ್ದರು, ಪಡೆದವರಿಗೆ ಅಂಥ ಸಂಕೋಚವೇನೂ ಇರಲಿಲ್ಲ, ಸಂತೋಷ ಅಂದುಕೊಂಡದ್ದಕ್ಕಿಂತ ಹೆಚ್ಚೇ ಇತ್ತು.

ನಿಮ್ಮ ಅಂಗಡಿಯ ಮಟ್ಟಿಗೆ ನೀವೇ ನೋಡಿಕೊಳ್ಳಬಹುದು. ವಹಿಯಲ್ಲಿ ಬರುವ ಹೊಸ ಗಿರಾಕಿಗಳಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಕಾರ್ಡ್ ಕಳಿಸಿ. ಇಷ್ಟವಾದವರನ್ನು ಆರಿಸಬೇಡಿ, ಆರಿಸಿದರೆ ಲೆಕ್ಕ ಕೆಡುತ್ತದೆ. ಕಡೆಯಪಕ್ಷ ನೂರು ಮಂದಿ ಆಗಲಿ. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಎಷ್ಟು ಜನ ಮರಳಿ ಬಂದರೆಂದು ಎಣಿಸಿ. ಎರಡು ಮೂರು ಜನರ ವ್ಯತ್ಯಾಸ ಏನನ್ನೂ ಹೇಳುವುದಿಲ್ಲ, ಹತ್ತು ಹನ್ನೆರಡು ಜನರ ವ್ಯತ್ಯಾಸ ಕಂಡರೆ ಮುಂದುವರಿಸಿ.

ಸಿಂಧನೂರಿನ್ಯಾಗ ಬೀಜ, ಗೊಬ್ಬರದ ಅಂಗಡಿ. ನಮ್ಮ ಗಿರಾಕಿಗಳೆಲ್ಲ ರೈತರು, ಅರ್ಧ ವ್ಯಾಪಾರ ಉದ್ರಿ. ಬಾಕಿ ಇದ್ದವರಿಗೂ ಬರೀಬೇಕಾ?

ಬಾಕಿ ಇದ್ದಾಗ ಬರೆಯಬೇಡಿ. ನೀವು ಎಷ್ಟೇ ಒಳ್ಳೆಯ ಮಾತು ಬರೆದರೂ ಮನೆಯಲ್ಲಿ ಅದನ್ನು ‘ಅಂಗಡ್ಯಾವ್ರು ನೆನಪು ಮಾಡ್ಯಾರ’ ಎಂದೇ ಓದುತ್ತಾರೆ. ಬರೆಯಬೇಕಾದ ಹೊತ್ತು ಲೆಕ್ಕ ಚುಕ್ತಾ ಆದ ವಾರ. ಕಾಲುವೆ ಕೆಳಗಿನ ಭತ್ತ ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲಾಗಿ ರೊಕ್ಕ ಕೈಗೆ ಬಂದಾಗ ರೈತರು ಮೊದಲು ನಿಮ್ಮ ಅಂಗಡಿಗೆ ಬಂದು ಕೊಟ್ಟರೆಂದರೆ ಅದು ಸಣ್ಣ ಮಾತಲ್ಲ. ಅವರಿಗೆ ಎಷ್ಟೋ ಕಡೆ ಕೊಡುವುದು ಇರುತ್ತದೆ. ಅದನ್ನೇ ಬರೆಯಿರಿ: ‘ಈ ಸಲ ಮಳೆ ಹಿಂದುಮುಂದಾದರೂ ಹೇಳಿದ ವಾರಕ್ಕೇ ಬಂದು ಲೆಕ್ಕ ಮುಗಿಸಿದಿರಿ. ನಮಗೆ ದೊಡ್ಡ ಆಸರೆ ಆಯಿತು.’ ಮೊತ್ತ ಬರೆಯಬೇಡಿ, ಲಕೋಟೆಯಲ್ಲಿ ಹಾಕಿ.

ಇಳುವರಿಯ ಮಾತು ಚೀಟಿಯಲ್ಲಿ ಬರಲೇಬಾರದು. ‘ಈ ಬೀಜ ಎಕರೆಗೆ ಇಷ್ಟು ಚೀಲ ಕೊಡುತ್ತದೆ’ ಎಂದು ಸಹಿ ಮಾಡಿ ಕೊಟ್ಟ ಕಾಗದ ನಾಳೆ ಗ್ರಾಹಕರ ಆಯೋಗದ ಮುಂದೆ ನಿಮ್ಮ ವಾಗ್ದಾನವಾಗಿ ನಿಲ್ಲಬಹುದು. ಬೆಳೆಗೆ ನೀರು, ಹವೆ, ಮಣ್ಣು ಎಲ್ಲ ಸೇರಿರುವಾಗ ಆ ಮಾತು ಕೊಡುವುದು ರೈತರಿಗೂ ನ್ಯಾಯವಲ್ಲ.

ಓದಲು ಬಾರದ ಗಿರಾಕಿಗೆ ಬರೆದು ಏನು ಪ್ರಯೋಜನ ಎಂದು ಬಿಡಬೇಡಿ. ಮನೆಯ ಮಕ್ಕಳು ಗಟ್ಟಿಯಾಗಿ ಓದಿ ಹೇಳುತ್ತಾರೆ, ಮನೆಮಂದಿಯೆಲ್ಲ ಕೇಳುತ್ತಾರೆ. ಅದಕ್ಕಾಗಿ ವಾಕ್ಯ ಚಿಕ್ಕದಿರಲಿ, ಅಕ್ಷರ ದೊಡ್ಡದಿರಲಿ, ನೀವು ಗಲ್ಲಾದ ಮೇಲೆ ಕೂತು ಆಡುವ ಮಾತೇ ಇರಲಿ.

ಯಾವ ಭಾಷೆಯಲ್ಲಿ ಬರೆಯುವುದು? ಹೆಸರಿನ ಮುಂದೆ ಏನು ಹಾಕುವುದು? (ರಾಯಚೂರು ಸೀರೆ ಅಂಗಡಿ)

ಅವರು ಓದುವ ಭಾಷೆಯಲ್ಲಿ. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡಿದರೂ ರಾಯಚೂರು, ಬಳ್ಳಾರಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು ಬಹಳ, ಅವರಿಗೆ ಕನ್ನಡವೇ ಸರಿ. ಗದ್ವಾಲ, ಆದೋನಿ ಕಡೆಯಿಂದ ಬರುವವರಿಗೆ ತೆಲುಗು ಲಿಪಿ ಬಲ್ಲ ಸಿಬ್ಬಂದಿ ಬರೆಯಲಿ. ಗೊತ್ತಿಲ್ಲದಿದ್ದರೆ ಬಿಲ್ ಮಾಡುವಾಗಲೇ ಕೇಳಿ.

ಹೆಸರನ್ನೂ ಆಗಲೇ ಕೇಳಿ. ಇಂಗ್ಲಿಷ್ ಬಿಲ್ಲಿನಲ್ಲಿರುವ ಹೆಸರು ನೋಡಿ ಅದು ಕಲಾ ಅವರೋ ಕಾಳ ಅವರೋ, ವಾಣಿಯೋ ವಾನಿಯೋ ಹೇಳಲಾಗದು. ಹೆಸರು ತಪ್ಪಿದ ಧನ್ಯವಾದ, ಬರೆಯದೇ ಇದ್ದದ್ದಕ್ಕಿಂತ ಕೆಟ್ಟದ್ದು. ಮುಂದೆ ಶ್ರೀಮತಿ, ಕುಮಾರಿ ಏನೂ ಬೇಡ, ಮದುವೆಯ ಲೆಕ್ಕ ನಿಮಗೆ ಗೊತ್ತಿರುವುದಿಲ್ಲ. ಹೆಸರು ಬರೆದು ‘ಅವರಿಗೆ’ ಎಂದರೆ ಸಾಕು. ಗೌಡ್ರೇ, ಶೆಟ್ರೇ ಎಂದು ಜಾತಿ ಹಿಡಿದು ಕರೆಯುವುದು ಅಂಗಡಿಯಲ್ಲಿ ರೂಢಿಯಾಗಿದ್ದರೂ ಕಾಗದದ ಮೇಲೆ ತರಬೇಡಿ. ಒಬ್ಬರಿಗೆ ಗೌರವ ಎನಿಸಿದ್ದು ಪಕ್ಕದವರಿಗೆ ನೋವಾಗುತ್ತದೆ.

ಚಿನ್ನ-ಬೆಳ್ಳಿ ಅಂಗಡಿಯವರು ಕಾರ್ಡ್ ಕಳಿಸಬಹುದೇ? (ಕುಷ್ಟಗಿ)

ಮನೆಗೆ ಕಳಿಸದಿರುವುದು ಒಳ್ಳೆಯದು. ಕೊಂಡ ವಿಷಯ ಮನೆಯವರಿಗೇ ತಿಳಿದಿರಲಿಕ್ಕಿಲ್ಲ, ಊರಿಗೆ ತಿಳಿಯುವುದಂತೂ ಬೇಡ. ಒಡವೆಯ ಪೆಟ್ಟಿಗೆಯೊಳಗೆ ಇಟ್ಟು ಕೈಗೇ ಕೊಡಿ. ಔಷಧಿ ಅಂಗಡಿಗೂ ಇದೇ ಮಾತು. ಬೇರೆ ಯಾವ ಅಂಗಡಿಯಾದರೂ ವಿಳಾಸ, ಫೋನ್ ನಂಬರನ್ನು ಒತ್ತಾಯ ಮಾಡಿ ತೆಗೆದುಕೊಳ್ಳಬೇಡಿ. ಬಿಲ್ಲಿಗೆ ಮೊಬೈಲ್ ನಂಬರು ಬೇಕೇ ಬೇಕು ಎಂದು ಹಟ ಹಿಡಿಯಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. ‘ನಿಮ್ಮ ವಿಳಾಸಕ್ಕೆ ಒಂದು ಕಾಗದ ಬರೆಯಬಹುದೇ?’ ಎಂದು ಕೇಳಿ, ಹೂಂ ಅಂದರೆ ಬರೆದುಕೊಳ್ಳಿ.

ತಪ್ಪು ಸೈಜು ಹೋಗಿ ಗಿರಾಕಿ ಸಿಟ್ಟಾಗಿದ್ದಾರೆ. ಕ್ಷಮೆ ಕೇಳಿ ಕಾರ್ಡ್ ಬರೆಯಲೇ? (ಸಂಡೂರು)

ಮೊದಲು ಸರಿಯಾದ ಸೈಜು ಕಳಿಸಿ, ವಾಪಸು ಬರುವ ಕೊರಿಯರ್ ಖರ್ಚು ನೀವೇ ಕೊಡಿ, ಇವತ್ತೇ ಫೋನ್ ಮಾಡಿ ಇದನ್ನು ತಿಳಿಸಿ. ಕಾರ್ಡು ಹೊಸ ಪ್ಯಾಂಟಿನ ಪಾರ್ಸೆಲ್‌ನಲ್ಲಿ ಹೋಗಲಿ. ಅದರಲ್ಲಿ ತಪ್ಪು ಏನಾಯಿತು ಎಂದು ಒಂದು ಸಾಲು: ‘32ರ ಬದಲು 34ರ ಚೀಟಿ ಅಂಟಿತ್ತು, ಈಗ ಕಟ್ಟುವ ಮೊದಲು ಟೇಪ್ ಹಿಡಿದು ಸೊಂಟ ಅಳೆಯುತ್ತಿದ್ದೇವೆ.’ ಕಾರಣ ಹೇಳುವ ನೆಪದಲ್ಲಿ ಹೊಲಿದವರ ಮೇಲೆ, ಕೊರಿಯರಿನವರ ಮೇಲೆ ಹಾಕಬೇಡಿ. ಬರೆದ ಮೇಲೆ ನಿಜವಾಗಿಯೂ ಟೇಪ್ ಹಿಡಿದು ಅಳೆಯಿರಿ.